ಯೆಜ್ಡಿ ತಗೊಳ್ಳೋ ಮುಂಚೆ ನಾನು ನೋಡಿದ್ದು ಏನೇನು

ಹಳೇ ಬೈಕ್ ತಗೋಬೇಕು ಅನ್ನೋರೆಲ್ಲ ಮೊದಲು ಕೇಳೋದು, ಯಾವ ಮಾಡೆಲ್ ಒಳ್ಳೇದು ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ನೋಡಬೇಕಾದ್ದು ಬೇರೆ. ಮನೆಯಿಂದ ತಳ್ಳಿಕೊಂಡು ಹೋಗುವಷ್ಟು ದೂರದಲ್ಲಿ ಆ ಗಾಡಿಯ ಕೆಲಸ ಗೊತ್ತಿರೋ ಮೆಕ್ಯಾನಿಕ್ ಇದ್ದಾರಾ? ಆಮೇಲೆ, ಕಾಗದಪತ್ರ ಸರಿ ಇದೆಯಾ? ಇವೆರಡಕ್ಕೂ ಹೌದು ಅಂತಾದರೆ ಮಾತ್ರ ಮಾಡೆಲ್ಲು, ಬಣ್ಣ, ಸೈಲೆನ್ಸರ್ ಸದ್ದು ಎಲ್ಲ.

ನನಗೆ ಬೈಕ್ ಹುಚ್ಚು ಹತ್ತಿದ್ದು ನಲವತ್ತರ ಹತ್ತಿರ. ಅಲ್ಲಿವರೆಗೂ ಓಡಿಸಿದ್ದು ಗೇರ್ ಇಲ್ಲದ ಸ್ಕೂಟರ್ ಅಷ್ಟೇ. ಎತ್ತರ ಐದಡಿ ಎರಡಿಂಚು. ಮನೆಯಲ್ಲಿ ಹೇಳಿದಾಗ ಭಾವ ನಕ್ಕುಬಿಟ್ಟರು. ಆದರೆ ಅವರ ಸ್ಪ್ಲೆಂಡರ್‌ನಲ್ಲೇ ಗೇರ್ ಹಾಕೋದು ಹೇಳಿಕೊಟ್ಟರು ಅನ್ನಿ. ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಇಟ್ಟುಕೊಂಡು ಬೈಕ್ ಓಡಿಸುವ ಹಾಗಿಲ್ಲ. ಹಾಗಾಗಿ ಹೊಸದಾಗಿ ಎಲ್‌ಎಲ್‌ಆರ್ ಮಾಡಿಸಿ, ತಿಂಗಳು ಕಳೆದ ಮೇಲೆ ಟೆಸ್ಟ್ ಕೊಟ್ಟೆ. ಹಳೇ ಬೈಕ್ ಆಸೆ ಇರೋ ಹೊಸಬರಿಗೆ ನಾನು ಹೇಳೋದೂ ಇದನ್ನೇ. ಕ್ಲಚ್ಚು, ಗೇರು, ಯು-ಟರ್ನ್ ಎಲ್ಲ ಯಾರದಾದರೂ ಹೊಸ ನೂರು ಸಿಸಿ ಗಾಡಿಯಲ್ಲಿ ಕಲಿಯಿರಿ. ಹಳೇ ಗಾಡಿ ಮೇಲೆ ಕೂತಾಗ ಅದರ ಚೇಷ್ಟೆ ಮಾತ್ರ ಕಲಿಯೋಕೆ ಉಳಿದಿರಬೇಕು.

ಮೈಸೂರಿನಲ್ಲಿ ಇದ್ದದ್ದು ನನ್ನ ಅದೃಷ್ಟ. ಇಲ್ಲಿನ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಬೈಕ್ ಕಾರ್ಖಾನೆ ಇದ್ದದ್ದು. ಅರವತ್ತರ ದಶಕದ ಶುರುವಿನಿಂದ ಇಲ್ಲಿ ಜಾವಾ ತಯಾರಾಯಿತು. ಎಪ್ಪತ್ತರ ದಶಕದಲ್ಲಿ ಯೆಜ್ಡಿ ಅಂತ ಹೆಸರು ಬದಲಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಆ ಎಂಜಿನ್ ಬಿಚ್ಚಿ ಜೋಡಿಸಿದ ಕೈಗಳು ಊರು ಬಿಟ್ಟು ಹೋಗಲಿಲ್ಲ. ನಮ್ಮ ಮನೆ ಹಿಂದಿನ ರಸ್ತೆಯಲ್ಲೇ ಒಬ್ಬ ಭಾಯ್ ಇದ್ದಾರೆ. ಅಂಗಡಿಗೆ ಬೋರ್ಡೂ ಇಲ್ಲ. ಸದಾ ಒಂದೆರಡು ಯೆಜ್ಡಿ ಬಾಗಿಲ ಮುಂದೆ ಸ್ಟ್ಯಾಂಡ್ ಹಾಕಿ ನಿಂತಿರುತ್ತವೆ. ಗಾಡಿ ಹುಡುಕೋಕೆ ಮುಂಚೆ ನಾನು ಹೋಗಿ ಮಾತಾಡಿಸಿದ್ದು ಅವರನ್ನೇ. "ಮೇಡಂ, ಬಣ್ಣ ನೋಡಿ ಹೂಂ ಅಂದುಬಿಡಬೇಡಿ. ಬಣ್ಣ ಎರಡು ದಿನದ ಕೆಲಸ. ನೋಡೋಕೆ ಹೋಗುವಾಗ ನನ್ನನ್ನೂ ಕರೀರಿ," ಅಂದರು.

ಹಾಗಂತ ಬೇರೆ ಗಾಡಿ ನೋಡದೇ ಏನೂ ಇರಲಿಲ್ಲ. ಮೊದಲು ಮನಸ್ಸಿನಲ್ಲಿದ್ದದ್ದು ಹಳೇ ಎರಕದ ಕಬ್ಬಿಣದ ಎಂಜಿನ್ ಬುಲೆಟ್. ಅದರ ಸದ್ದಿಗೆ ಮನಸೋಲದವರು ಯಾರು! ಆದರೆ ಅದರಲ್ಲಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ. ಮೊದಲನೇ ಗೇರ್ ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಸ್ಪ್ಲೆಂಡರ್‌ನಲ್ಲಿ ಕಲಿತವಳಿಗೆ ಇದು ಪೂರ್ತಿ ಉಲ್ಟಾ. ಖಾಲಿ ಮೈದಾನದಲ್ಲಿ ಓಡಿಸೋಕೆ ಪರವಾಗಿಲ್ಲ. ಎದುರಿಗೆ ಹಸು ಬಂದರೆ ಕಾಲು ಯೋಚನೆ ಮಾಡೋದಿಲ್ಲ, ಅಭ್ಯಾಸ ಇದ್ದ ಕಡೆಗೇ ಹೋಗುತ್ತೆ. ಬ್ರೇಕ್ ಅಂದುಕೊಂಡು ಗೇರ್ ತುಳಿದರೆ ಕಥೆ ಮುಗೀತು. ಇನ್ನು ಕಿಕ್ ಹೊಡೆಯೋದು. ಆಂಪ್‌ಮೀಟರ್ ಮುಳ್ಳು ನಡುವಿಗೆ ಬರೋವರೆಗೂ ಮೆಲ್ಲಗೆ ಕಿಕ್ಕರ್ ಒತ್ತಬೇಕು. ಆಮೇಲೆ ಎಂಜಿನ್ ಒಳಗಿನ ಒತ್ತಡ ಬಿಡೋ ಡಿಕಂಪ್ರೆಸರ್ ಲಿವರ್ ಹಿಡಿದು ಇನ್ನೊಂಚೂರು ದಾಟಿಸಿ, ಬಿಟ್ಟು, ಪೂರ್ತಿ ಭಾರ ಹಾಕಿ ಹೊಡೀಬೇಕು. ಲೆಕ್ಕ ತಪ್ಪಿದರೆ ಕಿಕ್ಕರ್ ವಾಪಸ್ ಒದೆಯುತ್ತೆ. ನನ್ನ ತೂಕಕ್ಕೆ ಅದು ಆಗದ ಮಾತು. ಗಾಡಿಯ ತೂಕ ನೂರ ಅರವತ್ತು ಕೆಜಿ ದಾಟುತ್ತೆ. ಇಳಿಜಾರಿನಲ್ಲಿ ಹಿಂದಕ್ಕೆ ತಳ್ಳುವಾಗ ಅದು ಗೊತ್ತಾಗುತ್ತೆ.

ಯಮಹಾ ಆರ್‌ಎಕ್ಸ್ 100 ಓಡಿಸಿ ನೋಡಿದೆ. ಹೊಸಬರಿಗೆ ಹೇಳಿ ಮಾಡಿಸಿದ ತೂಕ, ನೂರು ಕೆಜಿ ಆಸುಪಾಸು. ಒಂದೇ ಕಿಕ್‌ಗೆ ಸ್ಟಾರ್ಟ್. 98 ಸಿಸಿಗೆ 11 ಕುದುರೆ ಶಕ್ತಿ. ಆದರೆ ಆಕ್ಸಿಲರೇಟರ್ ಅರ್ಧ ತಿರುಗಿಸಿದ ಮೇಲೆ ಅದು ಬೇರೆಯೇ ಗಾಡಿ. ಮುಂದಿನ ಚಕ್ರ ಹಗುರಾಗೋದು ಕೈಗೇ ಗೊತ್ತಾಗುತ್ತೆ. ಅದಕ್ಕಿಂತ ದೊಡ್ಡ ತೊಂದರೆ ಬೆಲೆ. 1985ರಿಂದ 1996ರವರೆಗೆ ಬಂದ ಗಾಡಿಗೆ ಈಗ ಲಕ್ಷದ ಮೇಲೆ ಕೇಳುತ್ತಾರೆ. ಬೆಲೆ ಏರಿದ ಕಡೆ ಕಳ್ಳ ಮಾಲೂ ಸೇರಿಕೊಳ್ಳುತ್ತೆ. ಒಂದು ಗಾಡಿಯ ಎಂಜಿನ್, ಇನ್ನೊಂದರ ಚಾಸಿ, ಮೂರನೆಯದರ ಆರ್‌ಸಿ. ಹೊಸಬರ ಕಣ್ಣಿಗೆ ಇದು ಬೀಳೋದಿಲ್ಲ.

ರಾಜ್‌ದೂತ್ 350 ಬಗ್ಗೆ ಜಾಸ್ತಿ ಹೇಳಲ್ಲ. ಮೂವತ್ತು ಕುದುರೆ ಶಕ್ತಿ ಸುತ್ತಮುತ್ತ, ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಅನುಭವ ಇದ್ದವರಿಗೇ ಬಿಡೋಣ. ಹೀರೋ ಹೋಂಡಾ ಸಿಡಿ 100 ಮಾತ್ರ ಯಾರೂ ಗಮನಿಸದ ಒಳ್ಳೆ ಗಾಡಿ. ಫೋರ್ ಸ್ಟ್ರೋಕು, ಹಗುರ, ಪೆಟ್ರೋಲ್ ಕುಡಿಯೋದಿಲ್ಲ. ಅದರ ಜಾತಿಯ ಎಂಜಿನ್ ಗೊತ್ತಿಲ್ಲದ ಮೆಕ್ಯಾನಿಕ್ ಯಾವ ಹಳ್ಳಿಯಲ್ಲೂ ಇಲ್ಲ. ಮೆಕ್ಯಾನಿಕ್ ಹತ್ತಿರ ಇಲ್ಲದ ಊರಿನವರು ಯಾರಾದರೂ ನನ್ನನ್ನು ಕೇಳಿದರೆ ಕಣ್ಣು ಮುಚ್ಚಿಕೊಂಡು ಅದನ್ನೇ ಹೇಳ್ತೀನಿ. ಆದರೆ ಅವರು ಕೇಳೋದೇ ಇಲ್ಲ. ಸೈಲೆನ್ಸರ್ ಸದ್ದು ಮಾಡಲ್ಲ ಅಲ್ವಾ!

ಕೊನೆಗೆ ಉಳಿದದ್ದು ಯೆಜ್ಡಿ, ಅದರಲ್ಲೂ ರೋಡ್‌ಕಿಂಗ್. 250 ಸಿಸಿ ಟೂ ಸ್ಟ್ರೋಕು (ಪೆಟ್ರೋಲಿಗೆ ಆಯಿಲ್ ಬೆರೆಸಿ ಓಡಿಸೋ ಎಂಜಿನ್), 16 ಕುದುರೆ ಶಕ್ತಿ. ಗೇರ್ ಎಡಗಾಲಿಗೆ, ಬ್ರೇಕ್ ಬಲಗಾಲಿಗೆ, ಒಂದು ಕೆಳಕ್ಕೆ ಮೂರು ಮೇಲಕ್ಕೆ. ಕೂತರೆ ನನ್ನ ಎರಡೂ ಪಾದ ನೆಲಕ್ಕೆ ತಾಕಿದವು. ಇದಕ್ಕಿಂತ ಹಳೆಯ ಜಾವಾ ಇನ್ನೂ ಚೆಂದ, ಒಪ್ಪುತ್ತೇನೆ. ಆದರೆ ಅದರದ್ದು ಆರು ವೋಲ್ಟಿನ ಕರೆಂಟು. ಆಕ್ಸಿಲರೇಟರ್ ಬಿಟ್ಟ ತಕ್ಷಣ ಹೆಡ್‌ಲೈಟ್ ಮಂಕಾಗುತ್ತೆ. ಸಂಜೆ ಓಡಾಡೋ ನನಗೆ ಅದು ಬೇಡ ಅನ್ನಿಸಿತು.

ನೋಡೋಕೆ ಹೋದ ಗಾಡಿಗಳಲ್ಲಿ ಥಳಥಳ ಹೊಳೆಯೋವೇ ಜಾಸ್ತಿ. ಹೊಸ ಪೇಂಟು, ಹೊಸ ಕ್ರೋಮು, ಹೊಸ ಸೀಟು. ನಾನು ಫ್ರಿಜ್ ಮೇಲೆ ಅಂಟಿಸೋ ಮ್ಯಾಗ್ನೆಟ್ ಒಂದನ್ನು ಚೀಲದಲ್ಲಿ ಇಟ್ಟುಕೊಂಡು ಹೋಗ್ತಿದ್ದೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಟ್ಯಾಂಕ್ ಮೇಲೆ, ಮಡ್‌ಗಾರ್ಡ್ ಮೇಲೆ ಮೆಲ್ಲಗೆ ಇಟ್ಟು ನೋಡೋದು. ತಗಡಿದ್ದ ಕಡೆ ಹಿಡಿಯುತ್ತೆ, ದಪ್ಪ ಪುಟ್ಟಿ ಮೆತ್ತಿದ ಕಡೆ ಜಾರುತ್ತೆ. ಒಂದು ಟ್ಯಾಂಕಿನ ಇಡೀ ಎಡಭಾಗ ಜಾರಿತು! ಆ ಗಾಡಿ ಮಾರುತ್ತಿದ್ದವರ ಮುಖ ನೋಡಬೇಕಿತ್ತು.

ನಾನು ತಗೊಂಡದ್ದು ಬಣ್ಣ ಮಾಸಿದ, ಸೀಟ್ ಹರಿದ, ಆದರೆ ಓಡುತ್ತಿದ್ದ ಗಾಡಿ. ಅದನ್ನು ಮಾರುತ್ತಿದ್ದ ಮನೆಯವರು ಅದರಲ್ಲೇ ತೋಟಕ್ಕೆ ಹೋಗಿ ಬರುತ್ತಿದ್ದರು. ನಾವು ಬರೋ ಮುಂಚೆ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿದ್ದೆವು. ಭಾಯ್ ಹೋದವರೇ ಮೊದಲು ಎಂಜಿನ್ ಮೇಲೆ ಕೈ ಇಟ್ಟರು. ತಣ್ಣಗಿತ್ತು. ತಣ್ಣನೆಯ ಎಂಜಿನ್ ಹೇಗೆ ಏಳುತ್ತೆ ಅನ್ನೋದರಲ್ಲೇ ಅರ್ಧ ಜಾತಕ ಇರುತ್ತೆ.

ಯೆಜ್ಡಿಯಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ. ಅದನ್ನು ಎಂಜಿನ್ ಕಡೆಗೆ ಒಳಕ್ಕೆ ಒತ್ತಿ, ಹಾಗೇ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್ ಆಗುತ್ತೆ. ಸ್ಟಾರ್ಟ್ ಆದಮೇಲೆ ಮತ್ತೆ ಕೆಳಗಿಳಿದು ಗೇರ್ ಲಿವರ್ ಆಗುತ್ತೆ. ಭಾಯ್ ಅದನ್ನು ಕೈಯಲ್ಲೇ ಹಲವು ಸಲ ಒತ್ತಿ ತಿರುಗಿಸಿ ಬಿಟ್ಟರು. ತಡವರಿಸದೆ ತನ್ನ ಜಾಗಕ್ಕೆ ಬರಬೇಕು, ಅರ್ಧಕ್ಕೆ ನಿಂತರೆ ಒಳಗೆ ಕೆಲಸ ಇದೆ ಅಂತ. ಆಮೇಲೆ ನಿಧಾನಕ್ಕೆ ಒತ್ತಿ ಕಂಪ್ರೆಷನ್ ನೋಡಿದರು. ಕೈಗೆ ಗಟ್ಟಿಯಾಗಿ ತಡೆ ಸಿಗಬೇಕು. ಸುಮ್ನೆ ಇಳಿದುಬಿಟ್ಟರೆ ಪಿಸ್ಟನ್ ರಿಂಗು, ಸಿಲಿಂಡರಿನ ಒಳಗೋಡೆ ಸವೆದಿದೆ ಅಂತ. "ಬೋರ್ ಮಾಡಿಸಿದ್ದೀರಾ? ಎಷ್ಟನೇ ಸಲ?" ಅಂತ ಕೇಳಿದರು. ಇದು ಮುಖ್ಯ. ಸವೆದ ಸಿಲಿಂಡರನ್ನು ಬೋರ್ ಮಾಡಿಸಿದಷ್ಟೂ, ಅಂದರೆ ಒಳಗೆ ಕೊರೆಸಿ ಅಗಲ ಮಾಡಿಸಿದಷ್ಟೂ, ದೊಡ್ಡ ಪಿಸ್ಟನ್ ಬೇಕು. ಕೊನೆ ಸೈಜ್ ಮುಟ್ಟಿದ ಮೇಲೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್, ಹಾಕಿಸೋದೊಂದೇ ದಾರಿ.

ಸ್ಟಾರ್ಟ್ ಆಯಿತು, ಹೊಗೆ ಬಂತು. ಟೂ ಸ್ಟ್ರೋಕ್ ಅಂದಮೇಲೆ ಹೊಗೆ ಇದ್ದೇ ಇರುತ್ತೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಹೋಗಿ, ಗೇರ್ ಆಯಿಲನ್ನೇ ಎಂಜಿನ್ ಎಳೆದುಕೊಂಡು ಸುಡ್ತಾ ಇದೆ ಅಂತ ಅರ್ಥ. ಆಕ್ಸಿಲರೇಟರ್ ಬಿಟ್ಟರೂ ತಾನಾಗಿ ರೇಸ್ ಏರ್ತಾ ಇದ್ದರೆ ಎಲ್ಲೋ ಗಾಳಿ ಎಳೀತಿದೆ. ಇದರಲ್ಲಿ ಎರಡೂ ಇರಲಿಲ್ಲ. ಭಾಯ್ ಓಡಿಸಿದರು, ನಾನು ಹಿಂದೆ ಕೂತೆ. ಏರಿನಲ್ಲಿ ಎರಡನೇ ಗೇರ್‌ಗೆ ಹಾಕಿ ಜೋರಾಗಿ ಎಳೆದರು. ಗೇರ್ ಕಳಚಿಕೊಳ್ಳಲಿಲ್ಲ. ವಾಪಸ್ ಬಂದು ಮುಂದಿನ ಬ್ರೇಕ್ ಹಿಡಿದು ಗಾಡಿಯನ್ನು ಹಿಂದೆ ಮುಂದೆ ಅಲ್ಲಾಡಿಸಿದಾಗ ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಕಡೆಯ ಬೇರಿಂಗು) ಟಕ್ ಟಕ್ ಅಂತು. ಬೆಲೆಯಲ್ಲಿ ಸ್ವಲ್ಪ ಇಳಿಸೋಕೆ ಅದು ನೆಪವಾಯಿತು.

ಇನ್ನು ಕಾಗದಪತ್ರ. ಬೆಲೆ ಮಾತಿಗೆ ಮುಂಚೆಯೇ ಇದನ್ನು ನೋಡಿದ್ದೆ. ಹ್ಯಾಂಡಲ್ ಕೆಳಗೆ ಫ್ರೇಮಿನ ಕುತ್ತಿಗೆ ಹತ್ತಿರ ಚಾಸಿ ನಂಬರ್ ಇತ್ತು. ಬಟ್ಟೆಗೆ ಪೆಟ್ರೋಲ್ ಅದ್ದಿ ಒರೆಸಿ, ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದೆ. ಅಂಕಿ ಎಲ್ಲ ಒಂದೇ ಎತ್ತರ, ಒಂದೇ ಆಳ ಇರಬೇಕು. ಒಂದು ಸೊಟ್ಟಗಿದ್ದು ಸುತ್ತ ಗ್ರೈಂಡಿಂಗ್ ಗುರುತು ಇದ್ದರೆ ಎದ್ದು ಬನ್ನಿ. ಎಂಜಿನ್ ನಂಬರನ್ನೂ ಆರ್‌ಸಿ ಪುಸ್ತಕದ ಜೊತೆ ತಾಳೆ ನೋಡಿದೆ. ಎಂಜಿನ್ ಬದಲಾಯಿಸಿದ್ದರೆ ಅದು ಆರ್‌ಸಿಯಲ್ಲಿ ಏರಿರಬೇಕು.

ಹಳೇ ಗಾಡಿಗಳ ಆರ್‌ಸಿ ಕೈಬರಹದ ಪುಸ್ತಕ. ಕೆಎ ಅನ್ನೋ ನಂಬರ್ ಶುರುವಾಗೋ ಮುಂಚಿನವಾದರೆ ಎಷ್ಟೋ ಸಲ ಆರ್‌ಟಿಓ ಕಂಪ್ಯೂಟರಿನಲ್ಲಿ ಗಾಡಿ ಸಿಗೋದೇ ಇಲ್ಲ. ಆಗ ಬ್ಯಾಕ್‌ಲಾಗ್ ಎಂಟ್ರಿ, ಅಂದರೆ ಹಳೇ ವಿವರವನ್ನು ಕಂಪ್ಯೂಟರಿಗೆ ಏರಿಸೋ ಕೆಲಸ, ಮಾಡಿಸಬೇಕು. ಆ ಕೆಲಸವನ್ನು ಮಾರುವವರೇ ಮುಗಿಸಿಕೊಡಲಿ, ಆಮೇಲೆ ದುಡ್ಡು ಅಂತ ಹಟ ಹಿಡಿಯೋದು ಒಳ್ಳೇದು. ಆರ್‌ಸಿ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಇನ್ನೊಂದು ಮೆಟ್ಟಿಲು ಜಾಸ್ತಿ. ವಾರಸುದಾರರ ಹೆಸರಿಗೆ ಮೊದಲು ಆಗಬೇಕು. ಮರಣ ಪ್ರಮಾಣಪತ್ರ, ವಂಶವೃಕ್ಷ ಎಲ್ಲ ಕೇಳುತ್ತಾರೆ. ರಿಜಿಸ್ಟ್ರೇಷನ್‌ಗೆ ಹದಿನೈದು ವರ್ಷ ಆಯುಸ್ಸು, ಅದಾದಮೇಲೆ ಐದೈದು ವರ್ಷಕ್ಕೆ ರಿನ್ಯೂವಲ್. ನನ್ನ ಗಾಡಿಯದ್ದು ಚಾಲ್ತಿಯಲ್ಲಿತ್ತು. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ನನ್ನ ಹೆಸರಿಗೆ ಮಾಡಿಸಿಕೊಂಡೆ.

ಐವತ್ತು ವರ್ಷ ದಾಟಿದ ಗಾಡಿ ತಗೊಳ್ಳೋರಿಗೆ ಇನ್ನೊಂದು ವಿಷಯ. 2021ರಲ್ಲಿ ಕೇಂದ್ರ ಸರ್ಕಾರ ಅಂಥವಕ್ಕೆ ವಿಂಟೇಜ್ ರಿಜಿಸ್ಟ್ರೇಷನ್ ತಂದಿದೆ. ನಂಬರಿನಲ್ಲಿ ವಿಎ ಅಂತ ಬರುತ್ತೆ. ಹೊಸದಾಗಿ ಮಾಡಿಸೋಕೆ ಫೀಸು 20,000 ರೂಪಾಯಿ, ಹತ್ತು ವರ್ಷ ನಡೆಯುತ್ತೆ. ಆದರೆ ಹಾಗೆ ಮಾಡಿಸಿದ ಗಾಡಿಯನ್ನು ದಿನಾ ರಸ್ತೆಯಲ್ಲಿ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ಕಲಿಯೋಕೆ ತಗೊಳ್ಳೋರಿಗೆ ಇದರಿಂದ ಏನು ಉಪಯೋಗ? ನನಗೆ ಎಂಬತ್ತರ ದಶಕದ ಗಾಡಿಯೇ ಸಾಕು ಅನ್ನಿಸೋಕೆ ಇದೂ ಒಂದು ಕಾರಣ.

ಓಡಿಸೋಕೆ ಶುರು ಮಾಡಿದ ಮೇಲೆ ಹೆಚ್ಚು ಅಭ್ಯಾಸ ಬೇಕಾದ್ದು ನಿಲ್ಲಿಸೋಕೆ. ಟೂ ಸ್ಟ್ರೋಕ್ ಗಾಡಿ ಆಕ್ಸಿಲರೇಟರ್ ಬಿಟ್ಟರೂ ಅಷ್ಟು ಬೇಗ ನಿಧಾನ ಆಗೋದಿಲ್ಲ. ಡ್ರಮ್ ಬ್ರೇಕು ಬೇರೆ. ಚಾಮುಂಡಿ ಬೆಟ್ಟ ಇಳಿಯುವಾಗ ಮೂರನೇ ಗೇರ್‌ನಲ್ಲಿ ಬ್ರೇಕ್ ಒತ್ತಿ ಹಿಡಿದೇ ಬಂದರೆ ಡ್ರಮ್ ಕಾದು ಹಿಡಿತ ಕಡಿಮೆಯಾಗುತ್ತೆ. ಎರಡನೇ ಗೇರ್‌ಗೆ ಇಳಿಸಿ, ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು. ಮುಂದಿನ ಗಾಡಿಗೂ ನನಗೂ ನಡುವೆ ಸ್ಪ್ಲೆಂಡರ್‌ನಲ್ಲಿ ಬಿಡುತ್ತಿದ್ದ ಜಾಗದ ಎರಡರಷ್ಟು ಬಿಡ್ತೀನಿ. ಆಟೋದವರು ಆ ಸಂದಿಯಲ್ಲೇ ನುಗ್ತಾರೆ, ನುಗ್ಗಲಿ. ಕಿಕ್ ಮಾತ್ರ ನನಗೆ ಸೀಟ್ ಮೇಲೆ ಕೂತು ಹೊಡೆಯೋಕೆ ಬರೋದಿಲ್ಲ. ಸೆಂಟರ್ ಸ್ಟ್ಯಾಂಡ್ ಹಾಕಿ, ಗಾಡಿಯ ಎಡಕ್ಕೆ ನಿಂತು ಬಲಗಾಲಿನಲ್ಲಿ ಹೊಡೀತೀನಿ. ಹಳೇ ಯೆಜ್ಡಿಯವರು ಎಷ್ಟೋ ಜನ ಹಾಗೇ ಮಾಡೋದು.

ದುಡ್ಡಿನ ವಿಷಯಕ್ಕೆ ಬಂದರೆ, ಗಾಡಿಗೆ ಅಂತ ಇಟ್ಟುಕೊಂಡದ್ದನ್ನೆಲ್ಲ ಗಾಡಿಗೇ ಸುರಿಯಬೇಡಿ. ಮೂರನೇ ಒಂದು ಪಾಲು ರಿಪೇರಿಗೆ ಎತ್ತಿಡಿ. ನನಗೆ ಟೈರು, ಟ್ಯೂಬು, ಬ್ರೇಕ್ ಶೂ, ಕೇಬಲ್‌ಗಳು, ಕೋನ್ ಸೆಟ್, ಪೂರ್ತಿ ವೈರಿಂಗ್, ಇಷ್ಟು ಕೂಡಲೇ ಬೇಕಾಯಿತು. ಪೇಂಟು ಇನ್ನೂ ಮಾಡಿಸಿಲ್ಲ. ಬಿಡಿಭಾಗ ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆಸಿ ರಸ್ತೆ ಕಡೆ ಹುಡುಕಿಸ್ತೀವಿ. ಹಳೇ ಒರಿಜಿನಲ್ ಸಾಮಾನು ಬೇಕಾದಾಗ ಶಿವಾಜಿನಗರದ ಗುಜರಿ. ಈಗ ಶೋರೂಮಿನಲ್ಲಿ ಬರುವ ಹೊಸ ಜಾವಾ, ಯೆಜ್ಡಿ ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳ ಎಂಜಿನ್ ಸಾಮಾನು ಇದಕ್ಕೆ ಹೊಂದೋದಿಲ್ಲ.

ಪೆಟ್ರೋಲಿಗೆ ಆಯಿಲ್ ಬೆರೆಸೋದು ನನ್ನ ಕೆಲಸ, ಬಂಕಿನ ಹುಡುಗರಿಗೆ ಬಿಡೋದಿಲ್ಲ. ಲೀಟರಿಗೆ 40 ಎಂಎಲ್ 2ಟಿ (ಟೂ ಸ್ಟ್ರೋಕ್) ಆಯಿಲ್, ಭಾಯ್ ಹೇಳಿದ ಲೆಕ್ಕ. ಅಳತೆಗೆ ಮಕ್ಕಳ ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ ಇಟ್ಟುಕೊಂಡಿದ್ದೀನಿ. ಈಗಿನ ಎಥನಾಲ್ ಬೆರೆಸಿದ ಪೆಟ್ರೋಲ್ ನೀರಿನ ಪಸೆ ಎಳೆದುಕೊಳ್ಳುತ್ತೆ, ಹಳೇ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತೆ. ಅದಕ್ಕೇ ಪೈಪು, ಕಾರ್ಬೊರೇಟರ್ ವಾಷರ್ ಎಲ್ಲ ಹೊಸದು ಹಾಕಿಸಿದೆ. ಗಾಡಿ ನಿಲ್ಲಿಸಿದಾಗಲೆಲ್ಲ ಪೆಟ್ರೋಲ್ ಕಾಕ್ ಮುಚ್ಚೋದು ರೂಢಿಯಾಗಿದೆ. ಮುಚ್ಚದಿದ್ದರೆ, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ತಡೆಯೋ ಫ್ಲೋಟ್ ಪಿನ್ ಸ್ವಲ್ಪ ಸವೆದಿದ್ದರೂ ರಾತ್ರಿಯೆಲ್ಲ ಪೆಟ್ರೋಲ್ ಎಂಜಿನ್ ಒಳಗೆ ಇಳಿಯುತ್ತೆ. ಬೆಳಿಗ್ಗೆ ಪ್ಲಗ್ ಬಿಚ್ಚಿ ಒಣಗಿಸುವವರೆಗೆ ಗಾಡಿ ಏಳೋದಿಲ್ಲ. ಹಾಗಾಗಿ ಪ್ಲಗ್ ಸ್ಪ್ಯಾನರು, ಒಂದು ಹೊಸ ಪ್ಲಗ್ಗು, ಒಂದು ಕ್ಲಚ್ ಕೇಬಲ್ಲು ಯಾವಾಗಲೂ ಸೈಡ್ ಬಾಕ್ಸಿನಲ್ಲಿ ಇರುತ್ತೆ.