ಪುಟ ನೋಡಿದರೆ ಹಾಡು ಕೇಳಿಸಬೇಕು: ಸಂಗೀತ ಪತ್ರಿಕೆ ವಿನ್ಯಾಸ ಮಾಡುವುದು ಹೇಗೆ?

ಮಾಧ್ಯಮ ಓದುವ ವಿದ್ಯಾರ್ಥಿಗಳಿಗೆ ಸಂಗೀತ ಪತ್ರಿಕೆಯ ಪ್ರಾಜೆಕ್ಟ್ ಸಿಕ್ಕರೆ ಖುಷಿಯೋ ಖುಷಿ. ಸಾಮಾನ್ಯವಾಗಿ ಕೇಳುವುದು ಒಂದು ಮುಖಪುಟ, ಒಂದು ಪರಿವಿಡಿ, ಮತ್ತೆ ಎದುರುಬದುರು ಪುಟಗಳಲ್ಲಿ ಹರಡಿದ ಒಂದು ಲೇಖನ. ನಾಲ್ಕೇ ಪುಟ ಅಲ್ವಾ ಅಂತ ಬಹಳ ಜನ ಮೊದಲ ದಿನವೇ ಕಂಪ್ಯೂಟರ್ ಮುಂದೆ ಕೂತು ಫಾಂಟ್ ಹುಡುಕಲು ಶುರು ಮಾಡುತ್ತಾರೆ. ಕೆಲಸ ಕೆಡುವುದು ಅಲ್ಲಿಂದಲೇ. ಕಾಗದಕ್ಕೆ ದನಿಯಿಲ್ಲ. ಆದರೂ ಪುಟ ನೋಡಿದವರಿಗೆ ಇದು ಯಾವ ಬಗೆಯ ಸಂಗೀತ ಅಂತ ಹೊಳೆಯಬೇಕು. ಈ ಪ್ರಾಜೆಕ್ಟಿನ ಕಷ್ಟವೂ ಅದೇ, ಸೊಗಸೂ ಅದೇ.

ಮೊದಲು ಒಬ್ಬ ಕೇಳುಗರನ್ನು ಹಿಡಿಯಿರಿ

ಸಂಗೀತ ಪತ್ರಿಕೆ ಕೊಳ್ಳುವವರು ಓದುಗರಾಗುವ ಮೊದಲು ಕೇಳುಗರು. ಅವರು ಯಾರು? ‘ಯುವಜನ’ ಅಂತ ಬರೆದರೆ ಏನೂ ಹೇಳಿದಂತಾಗಲಿಲ್ಲ. ಒಬ್ಬರನ್ನೇ ಕಣ್ಮುಂದೆ ತಂದುಕೊಳ್ಳಿ. ವಯಸ್ಸೆಷ್ಟು, ಹಾಡು ಕೇಳುವುದು ಯಾವಾಗ, ಇಯರ್‌ಫೋನಿನಲ್ಲೋ ಸಂಗೀತ ಕಛೇರಿಯಲ್ಲೋ, ಸ್ವತಃ ಏನಾದರೂ ನುಡಿಸುತ್ತಾರಾ? ಅವರು ಪದೇ ಪದೇ ಕೇಳುವ ಹತ್ತು ಹಾಡುಗಳ ಪಟ್ಟಿ ಮಾಡಿ. ಈ ಚೀಟಿಯನ್ನು ಜೋಪಾನವಾಗಿಡಿ, ಕೊನೆಯಲ್ಲಿ ಬೇಕಾಗುತ್ತದೆ.

ದೊಡ್ಡ ಪತ್ರಿಕೆಗಳು ಹುಟ್ಟಿದ್ದೂ ಹೀಗೆಯೇ. 1978ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ಸ್ಮ್ಯಾಶ್ ಹಿಟ್ಸ್ ಪತ್ರಿಕೆ ಹಾಡುಗಳ ಸಾಹಿತ್ಯವನ್ನೇ ಅಚ್ಚು ಹಾಕುತ್ತಿತ್ತು. ಅದರ ಎಳೆಯ ಓದುಗರಿಗೆ ಜೊತೆಗೆ ಹಾಡಲು ಅದೇ ಬೇಕಿತ್ತು. ಕೆರ‍್ರಾಂಗ್ 1981ರಲ್ಲಿ ಸೌಂಡ್ಸ್ ಎಂಬ ವಾರಪತ್ರಿಕೆಯ ಪುರವಣಿಯಾಗಿ ಬಂತು. ಅದು ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತ ಕೇಳುವವರಿಗೆ. ಹೆಸರೇ ಎಲೆಕ್ಟ್ರಿಕ್ ಗಿಟಾರಿನ ತಂತಿಗಳನ್ನು ಜೋರಾಗಿ ಮೀಟಿದಾಗ ಬರುವ ಸದ್ದು! ಕಾಗದದಿಂದ ಸದ್ದು ಹೊರಡಿಸುವುದು ಅಂದರೆ ಹೀಗೆ.

ಹತ್ತು ಜನ ಕೇಳುಗರನ್ನು ಮಾತಾಡಿಸಿ. ‘ನಿಮಗೆ ಯಾವ ಬಣ್ಣ ಇಷ್ಟ’ ಅಂತ ಕೇಳಬೇಡಿ, ಅದಕ್ಕೆ ಸುಮ್ನೆ ಏನೋ ಒಂದು ಹೇಳುತ್ತಾರೆ. ‘ಒಬ್ಬ ಗಾಯಕರ ಬಗ್ಗೆ ಕೊನೆಯ ಸಲ ಓದಿದ್ದು ಯಾವಾಗ, ಏನು ತಿಳಿಯಬೇಕು ಅನ್ನಿಸಿತ್ತು’ ಅಂತ ಕೇಳಿ. ನಿಮ್ಮ ಪರಿವಿಡಿಯ ಅರ್ಧ ಅಲ್ಲೇ ಸಿಗುತ್ತದೆ.

ಪತ್ರಿಕೆಗಳನ್ನು ಸ್ಕೇಲ್ ಹಿಡಿದು ಓದಿ

ಮೂರು ಬೇರೆ ಬೇರೆ ಪತ್ರಿಕೆಗಳನ್ನು ನೋಡುವ ಬದಲು ಒಂದೇ ಪತ್ರಿಕೆಯ ಮೂರು ಸಂಚಿಕೆಗಳನ್ನು ಪಕ್ಕಪಕ್ಕ ಇಡಿ. ಏನು ಬದಲಾಗಿದೆ, ಏನು ಹಾಗೇ ಇದೆ? ಬದಲಾಗದೆ ಉಳಿದದ್ದೇ ಆ ಪತ್ರಿಕೆಯ ಗುರುತು. ಮುಖಪುಟದಲ್ಲಿ ಪತ್ರಿಕೆಯ ಹೆಸರಿರುವ ಪಟ್ಟಿ ಎಷ್ಟು ಎತ್ತರ, ಎಷ್ಟು ಕಾಲಂ, ಎಷ್ಟು ಬಗೆಯ ಅಕ್ಷರ, ಎಷ್ಟು ಬಣ್ಣ ಅಂತ ಅಳೆದು ಬರೆದುಕೊಳ್ಳಿ.

ಹೆಸರು ಮತ್ತು ಡಮ್ಮಿ

ಹೆಸರು ಚಿಕ್ಕದಿರಲಿ. ಜೋರಾಗಿ ಹೇಳಿ ನೋಡಿ. ಅದೇ ಹೆಸರಿನ ಪತ್ರಿಕೆ ಬೇರೆ ಇದೆಯಾ ಅಂತ ಹುಡುಕಿ. ಕನ್ನಡದಲ್ಲಿ ಮಾಡುವುದಾದರೆ ಒತ್ತಕ್ಷರ ಕಡಿಮೆ ಇರುವ ಹೆಸರು ಒಳ್ಳೆಯದು. ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಹೀಗಾಗಿ ಅಕ್ಷರವನ್ನು ದೊಡ್ಡದು ಮಾಡಲು ಜಾಗ ಸಾಲುವುದಿಲ್ಲ.

ಆಮೇಲೆ ಡಮ್ಮಿ, ಅಂದರೆ ಪತ್ರಿಕೆಯ ಕೈಬರಹದ ಕಚ್ಚಾ ಮಾದರಿ. ಒಂದು ಹಾಳೆಯನ್ನು ಮಡಚಿ ನಾಲ್ಕು ಪುಟ ಮಾಡಿ, ಪೆನ್ಸಿಲ್ಲಿನಲ್ಲಿ ಚಿತ್ರಕ್ಕೆ ಚೌಕ, ಬರಹಕ್ಕೆ ಗೆರೆ ಎಳೆಯಿರಿ. ಮುಖಪುಟಕ್ಕೆ ಕನಿಷ್ಠ ಎಂಟು ಹತ್ತು ಸಣ್ಣ ನಕ್ಷೆಗಳಾದರೂ ಬೇಕು. ಮೊದಲ ಮೂರು ಎಲ್ಲೋ ನೋಡಿದ ಹಾಗೇ ಇರುತ್ತವೆ, ಅದು ಸಹಜ. ಯಾವುದನ್ನೂ ಎಸೆಯಬೇಡಿ, ತಾರೀಖು ಹಾಕಿ ಇಡಿ. ಪ್ರಾಜೆಕ್ಟ್ ವರದಿಯಲ್ಲಿ ಇವೇ ನಿಮ್ಮ ಪರ ಮಾತಾಡುತ್ತವೆ.

ಫೋಟೊ: ಅತಿ ಹೆಚ್ಚು ಸಮಯ ಇಲ್ಲಿಗೆ ಕೊಡಿ

ಇಂಟರ್‌ನೆಟ್ಟಿನಿಂದ ಫೋಟೊ ಎತ್ತಿಕೊಳ್ಳಬೇಡಿ. ಅದು ಬೇರೆಯವರ ಸ್ವತ್ತು, ಅಚ್ಚಿಗೆ ಬೇಕಾದಷ್ಟು ದೊಡ್ಡದೂ ಇರುವುದಿಲ್ಲ. ಎ4 ಪುಟಕ್ಕೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 2480 × 3508 ಪಿಕ್ಸೆಲ್ ಬೇಕು, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. 12 ಮೆಗಾಪಿಕ್ಸೆಲ್ಲಿನ ಫೋನ್ ಕ್ಯಾಮೆರಾ ಇದಕ್ಕೆ ಸಾಕು. ಆದರೆ ಆ ಫೋಟೊವನ್ನು ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಗಾತ್ರ ಕುಗ್ಗಿಬಿಡುತ್ತದೆ. ಮೂಲ ಫೈಲನ್ನೇ ತೆಗೆದುಕೊಳ್ಳಿ.

ನಾನು ಮೊದಲ ಸಲ ಮುಖಪುಟಕ್ಕೆ ಫೋಟೊ ತೆಗೆದಾಗ ಮುಖವನ್ನು ಚೌಕಟ್ಟಿನ ತುಂಬ ತುಂಬಿಸಿದ್ದೆ. ಫೋಟೊ ಚೆನ್ನಾಗಿತ್ತು, ಹೆಸರು ಹಾಕಲು ಮಾತ್ರ ತಲೆಯ ಮೇಲೆ ಜಾಗವೇ ಇರಲಿಲ್ಲ. ಗೆಳತಿಯನ್ನು ಮತ್ತೆ ಕರೆದು, ಅದೇ ಬಟ್ಟೆ ಹಾಕಿಸಿ, ಮತ್ತೆ ತೆಗೆದೆ. ಅಂದಿನಿಂದ ಮುಖಪುಟದ ಫೋಟೊವನ್ನು ಉದ್ದುದ್ದ ಹಿಡಿದು, ತಲೆಯ ಮೇಲೂ ಎರಡು ಪಕ್ಕಕ್ಕೂ ಧಾರಾಳವಾಗಿ ಜಾಗ ಬಿಟ್ಟೇ ತೆಗೆಯುತ್ತೇನೆ. ಆಮೇಲೆ ಕತ್ತರಿಸಬಹುದು, ಸೇರಿಸುವುದು ಕಷ್ಟ.

ಎದೆಯಿಂದ ಮೇಲಿನ ಭಾಗ, ಕಣ್ಣು ನೇರ ಕ್ಯಾಮೆರಾ ಕಡೆ. ಮುಖಪುಟಕ್ಕೆ ಇದು ಹಳೆಯ ದಾರಿ, ಈಗಲೂ ಕೆಲಸ ಮಾಡುತ್ತದೆ. ಸಂಗೀತದ ಗುಣ ಬರುವುದು ಬೆಳಕಿನಿಂದ. ಕಿಟಕಿಯ ಪಕ್ಕದ ಮೆದು ಬೆಳಕಿನಲ್ಲಿ ನಿಂತವರು ನಿಧಾನದ ಹಾಡು ಹಾಡುವವರಂತೆ ಕಾಣುತ್ತಾರೆ. ಕತ್ತಲ ಕೋಣೆಯಲ್ಲಿ ಒಂದೇ ಪಕ್ಕದಿಂದ ಚೂಪಾದ ದೀಪ ಬಿಟ್ಟರೆ ಅದೇ ಮುಖ ಮೆಟಲ್ ಬ್ಯಾಂಡಿನದು ಅನ್ನಿಸುತ್ತದೆ.

ವಾದ್ಯ ಇದ್ದರೆ ಅದನ್ನು ಸರಿಯಾಗಿ ಹಿಡಿಸಿ. ಬೆರಳು ನಿಜವಾದ ಸ್ವರದ ಮೇಲೆ ಇರಬೇಕು. ನುಡಿಸುವವರು ಪುಟ ತೆರೆದ ಕೂಡಲೇ ನೋಡುವುದು ಬೆರಳನ್ನೇ. ಜಾಗ ಹೊಂದಿಸಲು ಫೋಟೊವನ್ನು ಕನ್ನಡಿಯಂತೆ ತಿರುಗಿಸಲೇಬೇಡಿ. ಬಲಗೈ ವಾದಕ ಎಡಚರಾಗಿಬಿಡುತ್ತಾರೆ. ಫೋಟೊದಲ್ಲಿರುವ ಎಲ್ಲರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮಕ್ಕಳಾದರೆ ಹೆತ್ತವರಿಂದ.

ಬರಹ ಮೊದಲು, ಕಾಲಂ ಆಮೇಲೆ

ಲೇಖನ ಬರೆಯದೆ, ಅರ್ಥವಿಲ್ಲದ ಅಕ್ಷರ ತುಂಬಿಸಿ ಪುಟ ಕಟ್ಟುವುದು ಕೆಟ್ಟ ಅಭ್ಯಾಸ. ನಿಜವಾದ ಬರಹ ಬಂದಾಗ ಎಲ್ಲ ಅಳತೆ ತಪ್ಪುತ್ತದೆ. ಎರಡು ಪುಟದ ಲೇಖನಕ್ಕೆ ಆರುನೂರರಿಂದ ಎಂಟುನೂರು ಪದ ಸಾಕು. ನಿಜವಾದ ಕಲಾವಿದರನ್ನು ಮಾತಾಡಿಸುವುದಾದರೆ ಮೊದಲು ಅವರ ಹಾಡುಗಳನ್ನು ಕೇಳಿಕೊಂಡು ಹೋಗಿ. ‘ನಿಮ್ಮ ಸ್ಫೂರ್ತಿ ಯಾರು’ ಅನ್ನುವುದಕ್ಕಿಂತ ‘ಈ ಹಾಡಿನಲ್ಲಿ ತಾಳ ಇದ್ದಕ್ಕಿದ್ದಂತೆ ನಿಲ್ಲುವುದು ಯಾಕೆ’ ಅಂತ ಕೇಳಿದರೆ ಅವರ ಕಣ್ಣು ಅರಳುತ್ತದೆ. ದೊಡ್ಡ ಅಕ್ಷರದಲ್ಲಿ ಎತ್ತಿ ಹಾಕುವ ಮಾತು ಅವರು ಆಡಿದ್ದೇ ಆಗಿರಲಿ.

ಬ್ಯಾಂಡ್ ಕಾಲ್ಪನಿಕವಾದರೂ ಅಡ್ಡಿಯಿಲ್ಲ. ಆದರೆ ಬ್ಯಾಂಡಿನ ಹೆಸರು, ಆಲ್ಬಂ, ತಾರೀಖು ನಾಲ್ಕೂ ಪುಟದಲ್ಲಿ ಒಂದೇ ಇರಬೇಕು.

ಪುಟ ಕಟ್ಟುವುದು

ಪುಟ ಕಟ್ಟುವ ತಂತ್ರಾಂಶಗಳಲ್ಲಿ ಸ್ಕ್ರೈಬಸ್ ಉಚಿತವಾಗಿ ಸಿಗುತ್ತದೆ. ಇನ್‌ಡಿಸೈನ್ ಇದ್ದು ಕನ್ನಡ ಯೂನಿಕೋಡ್ ಬಳಸುವುದಾದರೆ ಅದರಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಎಂಬ ಸೆಟ್ಟಿಂಗ್ ಆರಿಸಿಕೊಳ್ಳಿ, ಇಲ್ಲದಿದ್ದರೆ ಒತ್ತಕ್ಷರಗಳು ಒಡೆದುಹೋಗುತ್ತವೆ. ತಲೆಬರಹಕ್ಕೆ ಬಾಲೂ ತಮ್ಮ, ಬರಹಕ್ಕೆ ತಿರೊ ಕನ್ನಡ ಅಥವಾ ನೋಟೊ ಸೆರಿಫ್ ಕನ್ನಡ ಉಚಿತ ಫಾಂಟ್‌ಗಳು. ಎರಡು ಫಾಂಟ್, ಮೂರು ಬಣ್ಣ, ಅದಕ್ಕಿಂತ ಜಾಸ್ತಿ ಬೇಡ. ಇಂಗ್ಲಿಷ್ ಬರಹ 9 ಪಾಯಿಂಟ್, ಸಾಲಿಗೆ 12 ಪಾಯಿಂಟ್ ಅಂತರದಲ್ಲಿ ಚೆನ್ನಾಗಿ ಕೂರುತ್ತದೆ. ಕನ್ನಡಕ್ಕೆ ಅಷ್ಟು ಸಾಲದು. 10 ಪಾಯಿಂಟಿಗೆ 15ರಷ್ಟು ಅಂತರ ಕೊಡಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು.

ಮುಖಪುಟದಲ್ಲಿ ಒಂದೇ ಒಂದು ಸಾಲು ಕೂಗಬೇಕು, ಉಳಿದ ನಾಲ್ಕೈದು ಮಾತಾಡಿದರೆ ಸಾಕು. ಅಂಗಡಿಯ ಕಪಾಟಿನಲ್ಲಿ ಪತ್ರಿಕೆಗಳು ಒಂದರ ಮೇಲೊಂದು ಸರಿದಿರುತ್ತವೆ, ಹಲವು ಸಲ ಕಾಣುವುದು ಎಡಗಡೆಯ ಅಂಚು ಮಾತ್ರ. ಅದಕ್ಕೇ ಮುಖ್ಯ ಸಾಲುಗಳನ್ನು ಎಡಕ್ಕೆ ಇಡುವ ರೂಢಿ ಬಂದಿದೆ. ಸಂಚಿಕೆಯ ತಿಂಗಳು, ಬೆಲೆ, ಬಾರ್‌ಕೋಡ್ ಮರೆಯಬೇಡಿ.

ಪರಿವಿಡಿಯಲ್ಲಿ ನೋಡಬೇಕಾದ್ದು ಒಂದೇ: ಮುಖಪುಟದಲ್ಲಿ ಹೇಳಿದ್ದೆಲ್ಲ ಅಲ್ಲಿ ಪುಟ ಸಂಖ್ಯೆ ಸಹಿತ ಇದೆಯಾ?

ಜೋಡಿ ಪುಟದಲ್ಲಿ ಮಡಿಕೆಯ ಮೇಲೆ ನಿಗಾ ಇರಲಿ. ಕಣ್ಣು, ಮೂಗು, ತಲೆಬರಹದ ಅಕ್ಷರ ಅಲ್ಲಿ ಸಿಕ್ಕಿಬೀಳಬಾರದು. ಎಡ ಪುಟಕ್ಕೆ ಸಮ ಸಂಖ್ಯೆ, ಬಲಕ್ಕೆ ಬೆಸ. ಇನ್ನು ಖಾಲಿ ಜಾಗಕ್ಕೆ ಹೆದರಬೇಡಿ. ಮೆಲುದನಿಯ ಸಂಗೀತಕ್ಕೆ ಅದು ಮೌನದಂತೆ ಕೆಲಸ ಮಾಡುತ್ತದೆ. ಗದ್ದಲದ ಸಂಗೀತವಾದರೆ ಚಿತ್ರ, ಅಕ್ಷರ ಒಂದರ ಮೇಲೊಂದು ಬೀಳಲಿ, ಓದಲು ಬಂದರಾಯಿತು.

ಅಚ್ಚು, ಮತ್ತೆ ಆ ಚೀಟಿ

ಪುಟದ ಸುತ್ತ 3 ಮಿಲಿಮೀಟರ್ ಬ್ಲೀಡ್ ಬಿಡಿ, ಅಂದರೆ ಚಿತ್ರ, ಬಣ್ಣ ಪುಟದ ಅಂಚು ದಾಟಿ ಅಷ್ಟು ಹೊರಗೆ ಹರಡಿರಲಿ, ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಬಣ್ಣವನ್ನು ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಗಳ ಬಣ್ಣಕ್ಕೆ, ಬದಲಿಸಿ ನೋಡಿ. ಪರದೆಯ ಮೇಲೆ ಹೊಳೆಯುವ ನಿಯಾನ್ ಹಸಿರು ಕಾಗದದಲ್ಲಿ ಮಂಕಾಗುತ್ತದೆ. ಫಾಂಟ್ ಸೇರಿಸಿದ ಪಿಡಿಎಫ್ ಮಾಡಿ, ನಿಜ ಗಾತ್ರದಲ್ಲಿ ಒಂದು ಪ್ರತಿ ತೆಗೆಯಿರಿ.

ಈಗ ನಿಮ್ಮ ಬಗೆಯ ಕೇಳುಗರೊಬ್ಬರನ್ನು ಹುಡುಕಿ. ನಿಮ್ಮ ಕೆಲಸವನ್ನು ಮೊದಲು ನೋಡಿರದವರು ಬೇಕು. ಮುಖಪುಟದ ಸಾಲುಗಳ ಮೇಲೆ ಹಾಳೆ ಮುಚ್ಚಿ, ಚಿತ್ರ ಮತ್ತು ಬಣ್ಣ ಮಾತ್ರ ತೋರಿಸಿ, ‘ಇದನ್ನು ನೋಡಿದರೆ ಯಾವ ಮೂರು ಹಾಡು ನೆನಪಾಗುತ್ತದೆ’ ಅಂತ ಕೇಳಿ. ಏನನ್ನೂ ವಿವರಿಸಬೇಡಿ. ಅವರು ಹೇಳಿದ್ದನ್ನು ಮೊದಲ ದಿನ ಬರೆದಿಟ್ಟ ಹತ್ತು ಹಾಡುಗಳ ಚೀಟಿಯ ಪಕ್ಕ ಇಟ್ಟು ನೋಡಿ. ಅದೇ ಜಾತಿಯ ಹಾಡುಗಳಾದರೆ ಪ್ರತಿ ತೆಗೆಯಲು ಕೊಡಿ. ಬೇರೆಯಾದರೆ ಫಾಂಟ್ ಬದಲಿಸುತ್ತಾ ಕೂರಬೇಡಿ, ಕ್ಯಾಮೆರಾ ತೆಗೆದುಕೊಂಡು ಬೆಳಕು ಬದಲಿಸಿ.