ಮಗ ಬೆಳಗಿನ ಜಾವ ನಶೆಯಲ್ಲಿ ಮನೆಗೆ ಬಂದರೆ ಏನು ಮಾಡಬೇಕು?

ಬೆಳಗಿನ ಜಾವ 4 ಗಂಟೆ. ಕ್ಲಬ್ಬಿಗೆ ಹೋಗಿದ್ದ 17ರ ಮಗ ಈಗ ಬಂದಿದ್ದಾನೆ. ಕಣ್ಣಿನ ಪಾಪೆ ಅಗಲವಾಗಿದೆ, ಹಲ್ಲು ಕಡಿಯುತ್ತಿದ್ದಾನೆ, ಮೈಯೆಲ್ಲ ಬೆವರು, ಆದರೆ ಕುಡಿದ ವಾಸನೆಯೇ ಇಲ್ಲ. ಎಂಡಿಎಂಎ ಇರಬಹುದು, ಪಾರ್ಟಿಗಳಲ್ಲಿ ಎಕ್ಸ್‌ಟಸಿ ಅಂತ ಓಡಾಡುವ ಮಾತ್ರೆ. ಬಾಯಿಗೆ ಬಂದ ಹಾಗೆ ಬೈಯಬೇಕು ಅನ್ನಿಸುತ್ತದೆ, ಅಲ್ವಾ? ಬೇಡ. ಆ ರಾತ್ರಿ ಜೀವ ನೋಡಿಕೊಳ್ಳಿ, ಮಾತು ಆಮೇಲೆ.

ಮೊದಲು ಹಣೆ ಮುಟ್ಟಿ ನೋಡಿ. ಮೈ ಕಾದ ಹೆಂಚಿನ ಹಾಗಿದ್ದು ಏನೇನೋ ಬಡಬಡಿಸುತ್ತಿದ್ದರೆ ಆಂಬುಲೆನ್ಸ್ ಕರೆಯಿರಿ, ಅದು ಬರುವವರೆಗೆ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ ಇರಿ. ನೀರನ್ನು ಗುಟುಕು ಗುಟುಕಾಗಿ ಕೊಡಿ. ಚೊಂಬುಗಟ್ಟಲೆ ಕುಡಿಸಬೇಡಿ, ಏಕೆಂದರೆ ಈ ಮಾತ್ರೆ ನೀರನ್ನು ದೇಹದಲ್ಲೇ ಹಿಡಿದಿಡುತ್ತದೆ, ರಕ್ತದಲ್ಲಿ ಸೋಡಿಯಂ ಇಳಿದು ಮೆದುಳು ಊದಿಕೊಳ್ಳಬಹುದು.

ಪಾಪೆ ಸೂಜಿಮೊನೆಯಷ್ಟಾಗಿ ಉಸಿರು ನಿಧಾನವಾಗಿದ್ದರೆ ಕಥೆಯೇ ಬೇರೆ. ಅದು ಹೆರಾಯಿನ್, ಫೆಂಟನಿಲ್ ಜಾತಿಯದ್ದು. ತಕ್ಷಣ ಆಂಬುಲೆನ್ಸ್ ಕರೆಯಿರಿ, ನಲಾಕ್ಸೋನ್ (ಈ ಜಾತಿಯ ನಶೆಯನ್ನು ಇಳಿಸುವ ಔಷಧಿ) ಇದ್ದರೆ ಕೊಡಿ, ಮಗ್ಗುಲಿಗೆ ಮಲಗಿಸಿ, ಪಕ್ಕದಿಂದ ಏಳಬೇಡಿ. ಗೊರಕೆ ಹೊಡೀತಿದ್ದಾನೆ, ಮಲಗಲಿ ಬಿಡು ಅಂದುಕೊಳ್ಳುವುದೇ ದೊಡ್ಡ ತಪ್ಪು: ಎಬ್ಬಿಸಿದರೂ ಏಳದವನ ಗೊರಕೆ ಎಂದರೆ ಉಸಿರು ಕಟ್ಟುತ್ತಿದೆ ಅಂತ. ಡಾಕ್ಟರ ಹತ್ತಿರ ಮರ್ಯಾದೆಗೆ ಅಂಜಿ ಏನನ್ನೂ ಮುಚ್ಚಿಡಬೇಡಿ.

ಇನ್ನು ಮಾತು. ಎಂಡಿಎಂಎ ತೆಗೆದುಕೊಂಡವರಿಗೆ ಮುಂದಿನ ಎರಡು ಮೂರು ದಿನ ಮನಸ್ಸು ಪಾತಾಳಕ್ಕೆ ಇಳಿದಿರುತ್ತದೆ. ಆಗ ಕಟಕಟೆಯಲ್ಲಿ ನಿಲ್ಲಿಸಿದರೆ ಏನೂ ಹುಟ್ಟುವುದಿಲ್ಲ. ಅವನು ಮಾಮೂಲಿಗೆ ಬಂದ ಮೇಲೆ, ಎದುರುಬದುರು ಕೂರಿಸಿಕೊಳ್ಳದೆ, ಸುಮ್ನೆ ಜೊತೆಗೆ ನಡೆಯುತ್ತಾ ಕೇಳಿ. ಯಾರು ಕೊಟ್ಟರು ಅಂತ ಶುರು ಮಾಡಿದರೆ ಸ್ನೇಹಿತರನ್ನು ಕಾಪಾಡಲು ಸುಳ್ಳು ಹೇಳುತ್ತಾನೆ. ಅದು ತೆಗೆದುಕೊಂಡಾಗ ನಿನಗೆ ಏನು ಸಿಗುತ್ತದೆ ಅಂತ ಕೇಳಿ. ನಾಲ್ಕು ಜನರ ನಡುವೆ ಮಾತಾಡಲು ಧೈರ್ಯ ಬರುತ್ತದೆ ಅಂದರೆ, ಹುಡುಕಬೇಕಾದ ಗಾಯ ಅಲ್ಲಿದೆ.

ಕದ್ದುಮುಚ್ಚಿ ಮೂತ್ರ ಪರೀಕ್ಷೆ ಮಾಡಿಸುವುದು ನನಗಂತೂ ಸರಿ ಕಾಣುವುದಿಲ್ಲ. ಕೆಟಮೈನ್‌ನಂಥವು (ಅರಿವಳಿಕೆ ಔಷಧಿ, ಪಾರ್ಟಿಗಳಲ್ಲಿ ನಶೆಗೂ ಬಳಸುತ್ತಾರೆ) ಎಷ್ಟೋ ಮಾಮೂಲಿ ಕಿಟ್‌ಗಳಲ್ಲಿ ಸಿಗುವುದೇ ಇಲ್ಲ, ನಂಬಿಕೆ ಮಾತ್ರ ಹೋಗುತ್ತದೆ.

ವಾರದ ನಡುವೆಯೂ ಬೇಕೇ ಬೇಕು ಅನ್ನುತ್ತಿದ್ದರೆ, ದುಡ್ಡು ಕಾಣೆಯಾಗುತ್ತಿದ್ದರೆ, ಪದೇ ಪದೇ ಉರಿಮೂತ್ರ ಆಗುತ್ತಿದ್ದರೆ (ಕೆಟಮೈನ್ ಮೂತ್ರಕೋಶವನ್ನೇ ಹಾಳು ಮಾಡುತ್ತದೆ), ವ್ಯಸನ ಬಿಡಿಸುವ ಡಾಕ್ಟರ ಬಳಿ ಹೋಗಿ. ರೂಮಿನಲ್ಲಿ ಕೂಡಿಹಾಕಿ ನೀವೇ ಬಿಡಿಸಲು ಹೋಗಬೇಡಿ. ಆಲ್‌ಪ್ರಜೋಲಂನಂಥ ಆತಂಕ ತಗ್ಗಿಸುವ ಮಾತ್ರೆ ದಿನಾ ನುಂಗುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಹೆರಾಯಿನ್ ಜಾತಿಯದ್ದನ್ನು ಸ್ವಲ್ಪ ದಿನ ಬಿಟ್ಟವನು ಹಳೆಯ ಅಳತೆಯಲ್ಲೇ ಮತ್ತೆ ತೆಗೆದುಕೊಂಡರೆ ಜೀವಕ್ಕೇ ಅಪಾಯ, ದೇಹಕ್ಕೆ ಆ ತಾಳಿಕೆ ಹೋಗಿರುತ್ತದೆ.

ಮುಂದಿನ ಶನಿವಾರಕ್ಕೆ ಮೊದಲು ಒಂದು ಒಪ್ಪಂದ ಮಾಡಿಕೊಳ್ಳಿ: ಯಾವ ಹೊತ್ತಿಗಾದರೂ ಫೋನ್ ಮಾಡು, ಬಂದು ಕರೆದುಕೊಂಡು ಬರುತ್ತೇನೆ, ಆ ರಾತ್ರಿ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಹೇಳಿದ ಮೇಲೆ ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡೇ ಗಾಡಿ ಓಡಿಸಬೇಕು, ಕಷ್ಟ ಇರುವುದು ಅಲ್ಲೇ.