ಇನ್ವರ್ಟರ್ ಸುಡಬಾರದಂದ್ರ ಅದರ ಪ್ಲಗ್ಗಿನ ಮೊದಲ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸ್ರಿ

ಮನ್ಯಾಗ ಇನ್ವರ್ಟರ್ ಇದ್ದವರು ಅದಕ್ಕ ಕರೆಂಟ್ ಬರೋ ಲೈನಿಗೆ, ಅಂದ್ರ ಪ್ಲಗ್ ಪಾಯಿಂಟಿಗಿಂತ ಮೊದಲ, ಒಂದು ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ (ವೋಲ್ಟೇಜ್ ಬಾಳ ಏರಿದ್ರ ಇಲ್ಲಾ ಇಳಿದ್ರ ಲೈನ್ ಕಟ್ ಮಾಡೋ ಸಾಧನ) ಹಾಕಿಸ್ರಿ. ಔಟ್‌ಪುಟ್ ಕಡೆ ಹಾಕಿದ್ರ ಇನ್ವರ್ಟರ್ ಉಳಿಯೂದಿಲ್ಲ. ನಮ್ಮ ಧಾರವಾಡದಾಗ ಮೇ ತಿಂಗಳ ಗಾಳಿ-ಮಳಿಗೆ ಗಿಡದ ಟೊಂಗಿ ಬಿದ್ದು ಕಂಬದ ಮ್ಯಾಲಿನ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗೋ ತಂತಿ) ಹರಿದ್ರ, 230 ವೋಲ್ಟ್ ಬರೋ ಮನಿಗೆ 400ರ ಹತ್ತಿರ ಬರಬಹುದು. ಎಂಸಿಬಿ (ಮೀಟರ್ ಬೋರ್ಡಿನ ಟ್ರಿಪ್ ಸ್ವಿಚ್) ಆಂಪ್ಸ್, ಅಂದ್ರ ಹರಿಯೋ ಕರೆಂಟ್ ಎಷ್ಟು ಅಂತ ನೋಡತದ, ವೋಲ್ಟೇಜ್ ನೋಡೂದಿಲ್ಲ. ಅದು ಬೀಳೂದ್ರಾಗ ಒಳಗಿನ ಬೋರ್ಡ್ ಸುಟ್ಟಿರತದ. ಪ್ರೊಟೆಕ್ಟರ್ ಮಿತಿ ದಾಟಿದ ಕೂಡಲೇ ಲೈನ್ ಕಟ್ ಮಾಡತದ, ಇನ್ವರ್ಟರ್ ಕರೆಂಟ್ ಹೋತು ಅಂತ ತಿಳಕೊಂಡು ಬ್ಯಾಟರಿ ಮ್ಯಾಲ ನಡೀತದ, ಮನಿಯವರಿಗೆ ಗೊತ್ತೂ ಆಗೂದಿಲ್ಲ. ಫೇಸ್, ನ್ಯೂಟ್ರಲ್ ಎರಡನ್ನೂ ಕಟ್ ಮಾಡೋ ಡಬಲ್ ಪೋಲ್ ಮಾದರೀನ ಕೇಳ್ರಿ, ಯಾಕಂದ್ರ ಹರಿದ ನ್ಯೂಟ್ರಲ್‌ನ್ಯಾಗೂ ಕರೆಂಟ್ ಬರತದ. ಮ್ಯಾಲಿನ ಮಿತಿ 270, ಕೆಳಗಿಂದು 170 ಇಟ್ರ ಸಾಕು. ಪಂಪ್‌ಸೆಟ್ ನಡಿಯೋ ಹೊತ್ತಿಗೆ ವೋಲ್ಟೇಜ್ ಇಳಿಯೋ ಹಳ್ಳಿ ಮನಿಯಾಗ ಕೆಳಗಿನ ಮಿತಿ ಇನ್ನಷ್ಟು ಇಳಿಸ್ರಿ, ಇಲ್ಲಾಂದ್ರ ಸುಮ್ಮಸುಮ್ಮನ ಕಟ್ ಆಗಿ ಬ್ಯಾಟರಿ ಖಾಲಿ ಆಗತದ. ಸಿಡಿಲಿಗೆ ಮಾತ್ರ ಇದು ನಡಿಯೂದಿಲ್ಲ, ಅದರ ವೇಗಕ್ಕ ಯಾವ ರಿಲೇನೂ (ಪ್ರೊಟೆಕ್ಟರಿನೊಳಗ ಲೈನ್ ಕಟ್ ಮಾಡೋ ಸ್ವಿಚ್) ಸಾಲೂದಿಲ್ಲ. ಅದಕ್ಕ ಬ್ಯಾರೆ ಸರ್ಜ್ ಪ್ರೊಟೆಕ್ಟರ್, ಅದಕ್ಕಿಂತ ಮೊದಲ ಚಲೋ ಅರ್ಥಿಂಗ್ ಬೇಕು. ಕೆಲಸ ಎಲೆಕ್ಟ್ರಿಷಿಯನ್ ಕಡೆಯಿಂದನ ಮಾಡಿಸ್ರಿ, ಮೇನ್ ಜೋಡಿ ಇನ್ವರ್ಟರನ್ನೂ ಬಂದ್ ಮಾಡಸ್ರಿ: ಮೇನ್ ತೆಗೆದ್ರೂ ಇನ್ವರ್ಟರ್ ಲೈನಿನ್ಯಾಗ ಕರೆಂಟ್ ಇರತದ.